ಕರೆಂಟು ಬಂತು, ಲೆಕ್ಕ ಬರಲಿಲ್ಲ

ಜೂನ್ ತಿಂಗಳ ಎರಡನೇ ವಾರ, ಮಧ್ಯಾಹ್ನ ಮೂರೂವರೆ. ಹೊನ್ನಾವರ ದಾಟಿ ಕುಮಟಾ ಕಡೆಗೆ ಹೊರಟರೆ ಹೆದ್ದಾರಿ 66ರ ಬದಿಗೆ ಸಿಗುವ ಕರ್ಕಿಯಂಥ ಊರಿನಲ್ಲಿ ಒಂದು ಸಹಕಾರಿ ಸಂಘದ ಕಚೇರಿ ಎಂದಿಟ್ಟುಕೊಳ್ಳಿ. ಸಮುದ್ರದ ಕಡೆಯಿಂದ ಎದ್ದ ಗಾಳಿಗೆ ಹಿತ್ತಲಲ್ಲಿ ತೆಂಗಿನ ಮಡಲು ಬಿದ್ದ ಸದ್ದು. ಗುಡುಗು ಒಂದಾಯಿತು, ಎರಡಾಯಿತು, ಮೂರನೆಯದಕ್ಕೆ ಕರೆಂಟು ಹೋಯಿತು. ಮೇಜಿನಡಿಯ ಯುಪಿಎಸ್ ಹತ್ತು ಸೆಕೆಂಡು ಕೂಗಿಕೊಂಡು ತಾನೂ ಸುಮ್ಮನಾಯಿತು. ಅದರ ಬ್ಯಾಟರಿ ಬದಲಿಸಬೇಕೆಂದು ಹೋದ ದೀಪಾವಳಿಗೇ ಮಾತಾಗಿತ್ತು. ಕೌಂಟರಿನ ಹುಡುಗಿ ಆಗ ಪಿಗ್ಮಿ ಜಮಾ ಹಾಕುತ್ತಿದ್ದಳು. 43ನೇ ಖಾತೆ ಮುಗಿದು 44ನೆಯದು ನಡೆದಿತ್ತು.

ಅರ್ಧ ಗಂಟೆಗೆ ಕರೆಂಟು ಬಂತು. ಕಂಪ್ಯೂಟರೂ ಎದ್ದಿತು. ಏಳದೆ ಉಳಿದದ್ದು ಲೆಕ್ಕ. ಡೇಟಾಬೇಸ್ ತೆರೆಯಲಾಗುತ್ತಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು, ಪಕ್ಕದಲ್ಲಿ ಒಂದು ನಂಬರು. ಸಾಫ್ಟ್‌ವೇರಿನವನಿಗೆ ಫೋನ್ ಹೋಯಿತು. “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್” ಎಂದ. ಮಾಡಿದರು, ನಾಲ್ಕು ಸಲ. “ಬ್ಯಾಕಪ್ ಉಂಟಲ್ವಾ?” ಎಂದು ಕೇಳಿದ. “ಉಂಟು ಮಾರಾಯಾ, ಡಿ ಡ್ರೈವಲ್ಲಿ” ಎಂದರು ಸೆಕ್ರೆಟರಿ. ಸಿ ಡ್ರೈವು, ಡಿ ಡ್ರೈವು ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು ಎಂಬುದು ಅವರಿಗೆ ಗೊತ್ತಾದದ್ದು ಆಗ. ಕಪಾಟಿನ ಕೀಲಿ ತೆಗೆದು ಹುಡುಕಿದರೆ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದರಲ್ಲಿದ್ದದ್ದು ಮಾರ್ಚ್ 31ರ ಲೆಕ್ಕ, ಅದೂ ಪಿಡಿಎಫ್ ರೂಪದಲ್ಲಿ.

ಈ ಕಚೇರಿ ಕಲ್ಪನೆಯದು. ಆದರೆ ಕರಾವಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯಾರನ್ನೇ ಕೇಳಿದರೂ, ಇದು ತಾವು ಕಂಡ ಕಚೇರಿಯೇ ಎಂದಾರು. ಉಪ್ಪಿನ ಗಾಳಿಗೆ ಹಸಿರುಗಟ್ಟುವ ಕನೆಕ್ಟರುಗಳು, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಸಿಡಿಲು, ದಿನಕ್ಕೆ ಹತ್ತು ಸಲ ಹೋಗಿ ಬರುವ ವಿದ್ಯುತ್ತು. ಡಿಸ್ಕಿನ ಆಯುಷ್ಯ ಕಡಿಮೆ ಮಾಡಲು ಬೇಕಾದದ್ದೆಲ್ಲ ಈ ಕರಾವಳಿ ತಾಲೂಕುಗಳಲ್ಲಿ ಧಾರಾಳವಾಗಿದೆ.

ಹೀಗಾದಾಗ ಮೊದಲ ಒಂದು ಗಂಟೆಯಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ವಿಚಿತ್ರವೆಂದರೆ ಆ ಗಂಟೆಯಲ್ಲಿ ಹೆಚ್ಚಿನವರು ಮಾಡುವ ಕೆಲಸಗಳೆಲ್ಲ ಉಳಿದದ್ದನ್ನೂ ಕೆಡಿಸುವಂಥವೇ. ಮತ್ತೆ ಮತ್ತೆ ಚಾಲೂ ಮಾಡುವುದು, ವಿಂಡೋಸ್ ತಾನಾಗಿ ಕೇಳುವ ಡಿಸ್ಕ್ ತಪಾಸಣೆಗೆ ಹೂಂ ಎನ್ನುವುದು, ಸಾಫ್ಟ್‌ವೇರನ್ನು ಅದೇ ಜಾಗಕ್ಕೆ ಹೊಸದಾಗಿ ಹಾಕುವುದು. ಡಿಸ್ಕ್ ತಪಾಸಣೆಗೆ ಕಡತಗಳ ಪಟ್ಟಿ ಸರಿಯಾದರೆ ಸಾಕು. ಕಡತದೊಳಗಿನ ಠೇವಣಿ, ಸಾಲ ಅದಕ್ಕೆ ಕಾಣುವುದಿಲ್ಲ. ಪಟ್ಟಿ ಸರಿಪಡಿಸುವ ಭರದಲ್ಲಿ ಅದು ಡೇಟಾಬೇಸಿನ ತುಂಡುಗಳನ್ನು ಕತ್ತರಿಸಿ ಬೇರೆ ಕಡೆ ಎಸೆಯಬಹುದು. ಬಲ್ಲವರು ಮಾಡುವುದು ಇದರ ತದ್ವಿರುದ್ಧ. ಮೊದಲು ಯಂತ್ರ ಬಂದ್. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಒಂದಕ್ಷರವನ್ನೂ ಬರೆಯದೆ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಪಡಿಯಚ್ಚು ತೆಗೆಯುತ್ತಾರೆ. ಇದಕ್ಕೆ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದರ ಕ್ರಮ ಚೆನ್ನಾಗಿದೆ: ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ತಕರಾರು ಮಾಡುವ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಸಾಯುತ್ತಿರುವ ಡಿಸ್ಕಿನಲ್ಲಿ ಮೊದಲೇ ಕೆಟ್ಟ ಜಾಗಕ್ಕೆ ತಲೆ ಬಡಿದುಕೊಂಡರೆ ಒಳ್ಳೆಯದೂ ಕೈತಪ್ಪುತ್ತದೆ. ಮುಂದಿನ ಪ್ರಯೋಗವೆಲ್ಲ ಪಡಿಯಚ್ಚಿನ ಮೇಲೆ ಮಾತ್ರ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಪಡಿಯಚ್ಚು ತೆಗೆಯಲೂ ಹೋಗಬಾರದು. ದೂಳಿಲ್ಲದ ಕೋಣೆಯಿರುವ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ.

ಕರೆಂಟು ಹೋದದ್ದಕ್ಕೆ ಲೆಕ್ಕ ಯಾಕೆ ಕೆಡಬೇಕು? ಪೇಟೆಯ ಹಳೆಯ ಅಂಗಡಿಗಳಲ್ಲಿ ಕೂತು ಲೆಕ್ಕ ಬರೆದವರಿಗೆ ಇದನ್ನು ಹೇಳುವುದು ಸುಲಭ. ಅವರಲ್ಲಿ ರೋಜು ಕಿರ್ದಿ ಬೇರೆ, ಖತಾವಣಿ ಬೇರೆ. ವ್ಯವಹಾರ ನಡೆದ ಹೊತ್ತಿಗೇ ಕಿರ್ದಿಗೆ ಬೀಳುತ್ತದೆ. ಅಲ್ಲಿಂದ ಬಿಡುವು ಸಿಕ್ಕಾಗ ಆಯಾ ಖಾತೆಗೆ ಏರುತ್ತದೆ. ಈಗಿನ ಡೇಟಾಬೇಸುಗಳೂ ಹೀಗೆಯೇ ನಡೆದುಕೊಳ್ಳುತ್ತವೆ. ಲಾಗ್ ಎಂಬ ಕಿರ್ದಿಗೆ ಮೊದಲು ಬರೆದು, ಡಿಸ್ಕಿಗೆ ಮುಟ್ಟಿತೆಂದು ಖಾತ್ರಿಯಾದ ಮೇಲೆ ಖತಾವಣಿಯ ಪುಟ ತಿದ್ದುತ್ತವೆ. ನಡುವೆ ಯಂತ್ರ ನಿಂತರೆ, ಎದ್ದ ಕೂಡಲೇ ಕಿರ್ದಿ ಓದಿ, ಖಾತೆಗೆ ಏರದ್ದನ್ನು ಏರಿಸಿ, ಅರ್ಧಕ್ಕೆ ನಿಂತ ವ್ಯವಹಾರವನ್ನು ರದ್ದು ಮಾಡುತ್ತವೆ. ಈ ವಿದ್ಯೆಯನ್ನು ಪೂರ್ತಿ ಕಟ್ಟುಮಸ್ತಾಗಿ ಹೇಳಿದ್ದು 1992ರಲ್ಲಿ ಪ್ರಕಟವಾದ ‘ಏರೀಸ್’ ಎಂಬ ಲೇಖನ. ಅದನ್ನು ಬರೆದ ಐಬಿಎಂ ತಂಡದ ಮುಂದಾಳು ತಮಿಳುನಾಡು ಮೂಲದ ಸಿ. ಮೋಹನ್. ಅದಕ್ಕೂ ಹಿಂದೆ ವ್ಯವಹಾರವೆಂದರೆ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎಂಬ ಕಲ್ಪನೆಗೆ ಗಟ್ಟಿ ನೆಲೆ ಕೊಟ್ಟವರಲ್ಲಿ ಜಿಮ್ ಗ್ರೇ ಪ್ರಮುಖರು. ಅದಕ್ಕಾಗಿ 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. 2007ರ ಜನವರಿ 28ರಂದು ತಾಯಿಯ ಚಿತಾಭಸ್ಮ ವಿಸರ್ಜಿಸಲು ಸ್ಯಾನ್‌ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದ ಗ್ರೇ ಹಿಂದೆ ಬರಲಿಲ್ಲ. ಗೆಳೆಯರು ಉಪಗ್ರಹದ ಚಿತ್ರಗಳನ್ನು ತರಿಸಿ, ಸಾವಿರಾರು ಜನ ಅವನ್ನು ತುಂಡು ತುಂಡಾಗಿ ನೋಡಿ ಹುಡುಕಿದರೂ ದೋಣಿ ಸಿಗಲಿಲ್ಲ.

ಕಿರ್ದಿಯ ಇಷ್ಟು ಬಂದೋಬಸ್ತಿದ್ದೂ ಲೆಕ್ಕ ಕೆಡುವುದು ಯಾಕೆಂದರೆ, ಪುಟ ಬರೆಯುವುದು ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತನ್ನ ಲೆಕ್ಕವನ್ನು ಸಾಮಾನ್ಯವಾಗಿ 16 ಕಿಲೋಬೈಟಿನ ಪುಟಗಳಲ್ಲಿ ಇಡುತ್ತದೆ. ಡಿಸ್ಕು ಒಂದೇ ಉಸಿರಿಗೆ ಬರೆಯುವೆನೆಂದು ಭರವಸೆ ಕೊಡುವುದು ಬಹುಪಾಲು 4 ಕಿಲೋಬೈಟಿಗೆ ಮಾತ್ರ. ನಾಲ್ಕರಲ್ಲಿ ಎರಡು ಭಾಗ ಬರೆದು ಕರೆಂಟು ಹೋದರೆ ಪುಟದ ಮೇಲರ್ಧ ಇವತ್ತಿನದು, ಕೆಳಗರ್ಧ ನಿನ್ನೆಯದು. ಒಂದು ಖಾತೆಗೆ 200 ಬೈಟು ಎಂದು ಹಿಡಿದರೂ ಅಂಥ ಒಂದು ಪುಟದಲ್ಲಿ 80 ಜನರ ಲೆಕ್ಕವಿರುತ್ತದೆ. ಹೀಗಾಗದಿರಲೆಂದು ಪುಟವನ್ನು ಮೊದಲು ಬೇರೊಂದು ಕಡೆ ಬರೆದಿಟ್ಟು ಆಮೇಲೆ ಸ್ವಸ್ಥಾನಕ್ಕೆ ಬರೆಯುವ ಏರ್ಪಾಡೂ ಇದೆ. ಆದರೆ ವೇಗ ಹೆಚ್ಚಿಸುತ್ತೇವೆಂದು ಅದನ್ನು ಬಂದ್ ಮಾಡಿಟ್ಟವರಿದ್ದಾರೆ. ‘ಬರೆದಾಯಿತು’ ಎಂದು ಸುಳ್ಳು ಹೇಳಿ ಎಲ್ಲವನ್ನೂ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಕೂರುವ ಅಗ್ಗದ ಡಿಸ್ಕುಗಳೂ ಇವೆ.

ಪಡಿಯಚ್ಚು ಸಿಕ್ಕ ಮೇಲೆ ರಿಪೇರಿಯ ಸರದಿ. ಅದರ ದಾರಿ ಸಾಫ್ಟ್‌ವೇರಿನ ವಯಸ್ಸಿನ ಮೇಲೆ ಹೋಗುತ್ತದೆ. ಹಳೆಯ ಸೊಸೈಟಿಗಳಲ್ಲಿ ಫಾಕ್ಸ್‌ಪ್ರೊದಲ್ಲಿ ಬರೆಸಿದ ಪ್ರೋಗ್ರಾಂಗಳಿರುತ್ತಿದ್ದವು. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ 2015ರ ಜನವರಿಗೆ ಮುಗಿಯಿತು. ಮುದಿಯಾದರೂ ಅದು ಕೆಟ್ಟಾಗ ಸೌಮ್ಯವಾಗಿ ಕೆಡುವ ಪೈಕಿ. ಅದರ ಕಡತದಲ್ಲಿ ಪ್ರತಿ ದಾಖಲೆಯೂ ಒಂದೇ ಅಳತೆಯದು. ತಲೆಭಾಗದಲ್ಲಿ ಒಟ್ಟು ಎಷ್ಟು ದಾಖಲೆ ಎಂಬ ಸಂಖ್ಯೆ ಇರುತ್ತದೆ. ಕರೆಂಟು ಹೋದಾಗ ಆ ಸಂಖ್ಯೆ ಹಿಂದೆ ಬಿದ್ದಿರುವುದೇ ಸಾಮಾನ್ಯ ದೋಷ, ತಿದ್ದಿದರೆ ಕಡತ ತೆರೆದುಕೊಳ್ಳುತ್ತದೆ. ಅಂಗಡಿ ಮುಂಗಟ್ಟುಗಳಲ್ಲಿ ಟ್ಯಾಲಿ. 1986ರಲ್ಲಿ ಶುರುವಾದ ಬೆಂಗಳೂರಿನ ಈ ಕಂಪನಿಯ ಸಾಫ್ಟ್‌ವೇರ್ ಗೊತ್ತಿಲ್ಲದ ಅಕೌಂಟೆಂಟ್ ಭಟ್ಕಳದಿಂದ ಕುಮಟಾದವರೆಗೆ ಸಿಗಲಿಕ್ಕಿಲ್ಲ. ಹಿಂದಿನ ಆವೃತ್ತಿಯಲ್ಲಿ ‘ರೀರೈಟ್’, ಈಗಿನದರಲ್ಲಿ ‘ರಿಪೇರ್’ ಎನ್ನುವ ಸೌಲಭ್ಯ ಅದರಲ್ಲಿದೆ. ಕಡತಗಳನ್ನು ಮೊದಲಿನಿಂದ ಓದಿ ಅರ್ಥವಾದಷ್ಟನ್ನು ಮತ್ತೆ ಬರೆಯುತ್ತದೆ. ಅರ್ಥವಾಗದ್ದು ಬಿಟ್ಟುಹೋಗುತ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ಬಲವಂತದ ಚೇತರಿಕೆಗೆ 1ರಿಂದ 6ರವರೆಗೆ ಆರು ಮೆಟ್ಟಿಲು. ಮೂರರವರೆಗೆ ಹೆಚ್ಚಿನ ಅಪಾಯವಿಲ್ಲ. ನಾಲ್ಕನ್ನು ತುಳಿದರೆ ಕಡತ ಕಾಯಂ ಆಗಿ ಕೆಡಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಇನ್ನೂ ಪ್ರಾಮಾಣಿಕ. ಅದರ ಕೊನೆಯ ಅಸ್ತ್ರದ ಹೆಸರೇ ‘ರಿಪೇರ್ ಅಲೋ ಡೇಟಾ ಲಾಸ್’, ಮಾಹಿತಿ ಹೋದರೂ ಅಡ್ಡಿಯಿಲ್ಲ, ರಿಪೇರಿ ಮಾಡು ಎಂದರ್ಥ. ಕೆಟ್ಟ ಪುಟ ಕಂಡರೆ ಅದನ್ನು ಕಿತ್ತು ಹಾಕಿ, ಉಳಿದ ಪುಟಗಳನ್ನು ಒಂದಕ್ಕೊಂದು ಹೊಲಿದು, ಡೇಟಾಬೇಸ್ ಈಗ ಆರೋಗ್ಯವಾಗಿದೆ ಎಂದು ವರದಿ ಕೊಡುತ್ತದೆ. ಕೊಳೆತ ಬೆರಳು ಕತ್ತರಿಸಿದ ಡಾಕ್ಟರು ರೋಗಿ ಆರೋಗ್ಯವಂತ ಎಂದ ಹಾಗೆ. ಯಾರ ಖಾತೆ ಹೋಯಿತು ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಎಲ್ಲವೂ ಹೋಗುವುದಕ್ಕಿಂತ ಅಪಾಯದ್ದು ಇಲ್ಲೇ ಇದೆ. ಸಾಫ್ಟ್‌ವೇರ್ ತೆರೆದುಕೊಂಡಿತು, ಸದಸ್ಯರ ಹೆಸರು ಕಾಣುತ್ತಿದೆ, ಬಾಕಿ ಕಾಣುತ್ತಿದೆ. ಎಲ್ಲರೂ ಉಸಿರು ಬಿಟ್ಟು ಚಾ ತರಿಸುತ್ತಾರೆ. ಆದರೆ ಒಬ್ಬರ ಠೇವಣಿಯ ಬಾಕಿ ಹೋದ ವಾರದ್ದಾಗಿರಬಹುದು, ಇನ್ನೊಬ್ಬರು ಕಟ್ಟಿದ ಬೆಳೆಸಾಲದ ಕಂತು ನಗದಿನಲ್ಲಿದ್ದು ಸಾಲದ ಖಾತೆಯಲ್ಲಿ ಇಲ್ಲದಿರಬಹುದು. ತೆರೆಯದ ಡೇಟಾಬೇಸನ್ನು ಯಾರೂ ನಂಬುವುದಿಲ್ಲ. ತೆರೆದುಕೊಂಡದ್ದನ್ನು ಎಲ್ಲರೂ ನಂಬುತ್ತಾರೆ. ಹಾಗಾಗಿ ರಿಪೇರಿ ಮಾಡಿದವನ ಮಾತಿಗೆ ಅಲ್ಲಿಗೆ ಪೂರ್ಣವಿರಾಮ ಹಾಕುವ ಸೊಸೈಟಿ ಮುಂದೆ ವರ್ಷಗಟ್ಟಲೆ ಸದಸ್ಯರ ಜೊತೆ ಜಗಳ ಕಾಯಬೇಕಾಗುತ್ತದೆ.

ಅಲ್ಲಿಂದ ಮುಂದಿನ ಕೆಲಸ ಕಂಪ್ಯೂಟರಿನ ಹೊರಗಿನದು. ಈ ಭಾಗಕ್ಕೆ ತಂತ್ರಜ್ಞರ ಪುಸ್ತಕಗಳು ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ನಿಜವಾದ ಚೇತರಿಕೆ ನಡೆಯುವುದು ಮಾತ್ರ ಇಲ್ಲೇ. ಮೊದಲು ಗಟ್ಟಿ ನೆಲ ಬೇಕು. ಅದು ಮಾರ್ಚ್ 31ರ ಆಡಿಟ್ ಆದ ಲೆಕ್ಕ. ಆಡಿಟರ ಕಡತದಲ್ಲಿ ಅಡಾವೆ ಪತ್ರಿಕೆಯ ಜೊತೆಗೆ ಸದಸ್ಯವಾರು ಠೇವಣಿ, ಸಾಲ, ಶೇರಿನ ಯಾದಿ ಇದ್ದರೆ ಅರ್ಧ ಪುಣ್ಯ. ಆಮೇಲೆ ಏಪ್ರಿಲ್ 1ರಿಂದ ಕರೆಂಟು ಹೋದ ದಿನದವರೆಗಿನ ವೋಚರುಗಳು. ಸೆಣಬಿನ ದಾರದಲ್ಲಿ ದಿನಕ್ಕೊಂದರಂತೆ ಕಟ್ಟಿ ಮಾಡಿನಟ್ಟದ ಮೇಲೆ ಇಟ್ಟ ಆ ಕಂತೆಗಳನ್ನು ಇಳಿಸಬೇಕು. ಕೆಲವಕ್ಕೆ ಗೆದ್ದಲು, ಕೆಲವಕ್ಕೆ ಮಳೆನೀರು. ಸಂಘದ ಹಣವಿರುವ ಜಿಲ್ಲಾ ಸಹಕಾರಿ ಬ್ಯಾಂಕಿನ ಶಾಖೆಯಿಂದ ಸ್ಟೇಟ್‌ಮೆಂಟ್ ತರಬೇಕು. ಅದು ಬೇರೊಬ್ಬರು ಬೇರೊಂದು ಕಡೆ ಬರೆದಿಟ್ಟ ಲೆಕ್ಕವಾದ್ದರಿಂದ ಸಾಕ್ಷಿಗೆ ಬೆಲೆ ಹೆಚ್ಚು. ಆಮೇಲೆ ಸಿಬ್ಬಂದಿಯ ಮೊಬೈಲು, ಸದಸ್ಯರ ಮೊಬೈಲಿಗೆ ಹೋದ ಎಸ್‌ಎಂಎಸ್. ಕೊನೆಗೆ ಬೋರ್ಡಿನ ಮೇಲೊಂದು ನೋಟೀಸು: ಸದಸ್ಯರೆಲ್ಲರೂ ಪಾಸ್‌ಬುಕ್ಕು, ರಶೀದಿ ತಂದು ತಾಳೆ ನೋಡಿಸಿಕೊಳ್ಳತಕ್ಕದ್ದು.

ಇದರಲ್ಲೆಲ್ಲ ಹೆಚ್ಚು ಬೆಲೆಬಾಳುವುದು ಪಿಗ್ಮಿಯ ಕಾರ್ಡು. ಪಿಗ್ಮಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ತಂದ ಯೋಜನೆ ಅದು. ದಿನಕ್ಕೆ ಎರಡಾಣೆಯಿಂದ ಉಳಿತಾಯ, ಮನೆಬಾಗಿಲಿಗೆ ಏಜೆಂಟು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಪ್ರತಿ ಸೊಸೈಟಿಯಲ್ಲೂ ಜೀವಂತವಿದೆ. ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯಿಟ್ಟು ಕೂತ ಹೆಂಗಸಿನ ಹತ್ತಿರ ಏಜೆಂಟ್ ಬಂದು ನಿಂತರೆ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಸೊಂಟದ ಚೀಲದಿಂದ ನೂರರ ನೋಟು, ಅದರ ಜೊತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾರ್ಡು ತೆಗೆಯುತ್ತಾಳೆ. ಏಜೆಂಟ್ ದಿನಾಂಕ, ಮೊತ್ತ ಬರೆದು ಸಹಿ ಹಾಕುತ್ತಾನೆ. ಅವನ ಕೈಯಲ್ಲಿರುವ ಸಣ್ಣ ಯಂತ್ರ ಚೀಟಿಯನ್ನೂ ಕೊಡುತ್ತದೆ, ಆದರೆ ಆ ಚೀಟಿಯ ಅಕ್ಷರ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಕಾರ್ಡಿನ ಬಾಲ್‌ಪೆನ್ ಅಕ್ಷರ ಅಷ್ಟು ಬೇಗ ಮಾಸುವುದಿಲ್ಲ. ಕಚೇರಿಯ ಸರ್ವರಿನಲ್ಲಿ 43ನೇ ಖಾತೆಯವರೆಗೆ ಜಮಾ ಬಿದ್ದಿತೇ, 44ನೆಯದು ಬಿದ್ದಿತೇ ಎಂಬ ಪ್ರಶ್ನೆಗೆ ಉತ್ತರ ಆ ಸೊಂಟದ ಚೀಲದಲ್ಲಿದೆ.

ಈಗ ಅಲ್ಲಲ್ಲಿ ಕಾರ್ಡು ನಿಲ್ಲಿಸಿ ಬರೀ ಎಸ್‌ಎಂಎಸ್ ಕೊಡುವ ಮಾತು ಕೇಳುತ್ತಿದೆ. ಪಾಸ್‌ಬುಕ್ಕಿನ ಬದಲು ಆ್ಯಪ್. ಕಾಗದದ ಖರ್ಚು ಉಳಿಯಿತೆಂದು ವಾರ್ಷಿಕ ಸಭೆಯಲ್ಲಿ ಹೆಮ್ಮೆಯಿಂದ ಓದುತ್ತಾರೆ. ಆ್ಯಪ್ ತೋರಿಸುವುದು ಸಂಘದ ಡೇಟಾಬೇಸಿನಲ್ಲಿರುವುದನ್ನೇ. ಮೂಲ ಕೆಟ್ಟರೆ ಅದೂ ಕೆಟ್ಟದ್ದನ್ನೇ ತೋರಿಸುತ್ತದೆ. ಸದಸ್ಯನ ಕೈಯಲ್ಲಿದ್ದ ಕಾಗದ ಮಾತ್ರ ಸ್ವತಂತ್ರ ಪ್ರತಿ. ಅದನ್ನು ಕಿತ್ತುಕೊಳ್ಳುವಾಗ ಸಂಘ ತನ್ನ ಕೊನೆಯ ಬ್ಯಾಕಪ್ಪನ್ನು ರದ್ದಿಗೆ ಹಾಕುತ್ತಿದೆ ಎಂದು ಆ ಸಭೆಯಲ್ಲಿ ಒಬ್ಬರಾದರೂ ಎದ್ದು ಹೇಳಬೇಕು.

ಕಾಗದದಿಂದ ಮತ್ತೆ ಟೈಪು ಮಾಡುವುದೂ ಸುಮ್ಮನೆ ಆಗುವ ಕೆಲಸವಲ್ಲ. ಇದಕ್ಕೆ ರಾಜ್ಯದ ಮಟ್ಟದ ನಿದರ್ಶನವೇ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಇಳಿಸಿದರು. ದೇಶವೇ ತಿರುಗಿ ನೋಡಿದ ಕೆಲಸ. ಆದರೆ ಅಂದು ಹೆಸರಿನಲ್ಲಿ ಬಿದ್ದ ಒಂದು ಒತ್ತು, ಗುಂಟೆ-ಆಣೆಯಲ್ಲಿ ತಪ್ಪಿದ ಒಂದು ಅಂಕೆಯ ತಿದ್ದುಪಡಿಗೆ ಜನ ಇವತ್ತಿಗೂ ತಹಶೀಲ್ದಾರ್ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾರೆ. ಇನ್ನು ಹೊನ್ನಾವರ ತಾಲೂಕಿನ ಒಂದು ಸಂಘದ ಯಾದಿ ತೆಗೆದರೆ ಗಣಪತಿ ಹೆಗಡೆ, ಮಂಜುನಾಥ ನಾಯ್ಕ, ಈಶ್ವರ ಗೌಡ ಎಂಬವರು ಹೆಸರಿಗೆ ನಾಲ್ಕು ಜನ ಸಿಗುತ್ತಾರೆ. ತಂದೆಯ ಹೆಸರೂ ಒಂದೇ ಆಗಿರುವುದುಂಟು. ಆಗ ಕೇರಿಯ ಹೆಸರು ಬೇಕು, ಅದೂ ಸಾಲದಿದ್ದರೆ ಆ ವೋಚರ್ ಬರೆದ ಹಳೆಯ ಗುಮಾಸ್ತರನ್ನೇ ಕರೆಸಬೇಕು. ನಿವೃತ್ತರಾದ ಅವರು ಕನ್ನಡಕ ಏರಿಸಿ ಸಹಿ ನೋಡಿ, “ಇದು ಬಡಗಣಿ ಹೊಳೆ ಬದಿಯವ್ರದ್ದು” ಎಂದರೆ ಒಂದು ಖಾತೆ ಬಗೆಹರಿದಂತೆ. ಇಬ್ಬರು ಬೇರೆಬೇರೆಯಾಗಿ ಟೈಪು ಮಾಡಿ, ಎರಡನ್ನೂ ಹೋಲಿಸಿ, ವ್ಯತ್ಯಾಸ ಬಂದದ್ದನ್ನು ಮಾತ್ರ ಮೂರನೆಯವರು ನೋಡುವ ಹಳೆಯ ಪದ್ಧತಿಗಿಂತ ಒಳ್ಳೆಯದು ಇನ್ನೂ ಹುಟ್ಟಿಲ್ಲ. ಓಲೆಗರಿಯ ಹಲವು ಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರ ಗುರುತಿಸುತ್ತಿದ್ದ ಗ್ರಂಥಸಂಪಾದಕರು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ.

ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ದೊಡ್ಡವರಲ್ಲಿ ಹೀಗಾಗುವುದಿಲ್ಲ ಎನ್ನುವಂತಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಬಿತ್ತು. ನಮ್ಮ ಕಲ್ಪನೆಯ ಕಚೇರಿಯಲ್ಲಿ ಯುಪಿಎಸ್ ಬ್ಯಾಟರಿ ಸತ್ತು ಕೆಟ್ಟಿತು, ಅಲ್ಲಿ ಬ್ಯಾಟರಿ ಉರಿದು ಕೆಟ್ಟಿತು. ನೂರಾರು ಸರ್ಕಾರಿ ಸೇವೆಗಳು ನಿಂತವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ ಪೂರ್ತಿ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಹೊರಗೆಲ್ಲೂ ಪ್ರತಿ ಇರಲಿಲ್ಲ. ಬ್ಯಾಕಪ್ ಇಡಲಾಗದಷ್ಟು ದೊಡ್ಡದಿತ್ತು ಎಂಬುದು ಕೊಟ್ಟ ಕಾರಣ! ಅಂತರ್ಜಾಲದ ವೇಗಕ್ಕೆ ಹೆಸರಾದ ದೇಶದ ಅಧಿಕಾರಿಗಳು ಆಮೇಲೆ ಇಮೇಲು, ತಮ್ಮ ತಮ್ಮ ಕಂಪ್ಯೂಟರು, ಮುದ್ರಿಸಿದ ಕಾಗದಗಳಿಂದ ಕಡತ ಹೆಕ್ಕಲು ಕೂತರು. ವೋಚರ್ ಕಂತೆ ಬಿಚ್ಚುವ ನಮ್ಮ ಸೆಕ್ರೆಟರಿಗೂ ಅವರಿಗೂ ಆ ದಿನ ವ್ಯತ್ಯಾಸವಿರಲಿಲ್ಲ.

ಬ್ಯಾಕಪ್ ಇದ್ದೂ ಇಲ್ಲದ ಕಥೆ ಗಿಟ್‌ಲ್ಯಾಬ್ ಕಂಪನಿಯದು. 2017ರ ಜನವರಿ 31ರ ರಾತ್ರಿ ದಣಿದ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಡೆಯುವಷ್ಟರಲ್ಲಿ 300 ಗಿಗಾಬೈಟಿನಲ್ಲಿ 4.5 ಉಳಿದಿತ್ತು. ಬ್ಯಾಕಪ್ಪಿಗೆ ಐದು ಏರ್ಪಾಡುಗಳಿದ್ದವು. ನೋಡಿದರೆ ಒಂದೂ ನೆಟ್ಟಗಿಲ್ಲ. ದಿನಾ ನಡೆಯಬೇಕಿದ್ದದ್ದು ಆವೃತ್ತಿ ಹೊಂದದೆ ಸೋಲುತ್ತಿತ್ತು, ಸೋತಿತೆಂದು ಹೇಳುವ ಇಮೇಲುಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಅದೇ ಎಂಜಿನಿಯರ್ ಬೇರಾವುದೋ ಪರೀಕ್ಷೆಗೆಂದು ತೆಗೆದಿಟ್ಟ ಪ್ರತಿಯೊಂದು ಕಂಪನಿಯನ್ನು ಉಳಿಸಿತು. ಮೆಚ್ಚಬೇಕಾದದ್ದು, ಅವರು ಮುಚ್ಚಿಡಲಿಲ್ಲ. ಚೇತರಿಕೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿದರು. ನಮ್ಮಲ್ಲಿ ಸರ್ವರ್ ಡೌನ್ ಎಂಬ ಎರಡು ಪದದ ಚೀಟಿ ಅಂಟಿಸುವುದರಲ್ಲಿ ವಿವರಣೆ ಮುಗಿಯುತ್ತದೆ.

ಅದೃಷ್ಟವಿಲ್ಲದವರೂ ಇದ್ದರು. ಓದುಗರು ತಮ್ಮ ಮೆಚ್ಚಿನ ಕೊಂಡಿಗಳನ್ನು ಕೂಡಿಡುತ್ತಿದ್ದ ಮ್ಯಾಗ್ನೋಲಿಯಾ ಎಂಬ ಅಮೆರಿಕದ ಸೇವೆಯ ಅರ್ಧ ಟೆರಾಬೈಟಿನ ಡೇಟಾಬೇಸು 2009ರ ಜನವರಿ ಕೊನೆಗೆ ಕೆಟ್ಟಿತು. ಬ್ಯಾಕಪ್ಪು ನಡೆಯುತ್ತಲೇ ಇತ್ತು, ಆದರೆ ಅದು ಕೆಟ್ಟ ಕಡತವನ್ನೇ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಬಳಕೆದಾರರ ಸಂಗ್ರಹ ಮರಳಿ ಬರಲಿಲ್ಲ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಈಗೊಂದು ದಾರಿ ತೆರೆದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿ, ಸುಮಾರು 63,000 ಸಂಘಗಳನ್ನು ಒಂದೇ ರಾಷ್ಟ್ರೀಯ ಸಾಫ್ಟ್‌ವೇರಿಗೆ ತರುವ ಕೆಲಸಕ್ಕೆ ಕೈಹಾಕಿತು. ಲೆಕ್ಕ ಕ್ಲೌಡಿನಲ್ಲಿರುವುದರಿಂದ ಕಚೇರಿಯ ಡಿಸ್ಕು ಸುಟ್ಟರೂ ಚಿಂತೆಯಿಲ್ಲ. ಒಳ್ಳೆಯದೇ. ಆದರೆ 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಎಂಬ ಒಂದೇ ಕಂಪನಿಗೆ ಹಣ ಕೀಳುವ ವೈರಸ್ ಹೊಕ್ಕಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಹಾರ ಒಟ್ಟಿಗೆ ನಿಂತದ್ದನ್ನೂ ಮರೆಯುವಂತಿಲ್ಲ. ಎಲ್ಲರ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ಬುಟ್ಟಿ ಗಟ್ಟಿಯಿದ್ದರೂ ಒಂದು ಕಣ್ಣು ಇಟ್ಟೇ ಇರಬೇಕು.

ಆ ಯೋಜನೆಯ ಹೊರಗಿರುವ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳ ಪಾಡು ಬೇರೆ. ಅವರಲ್ಲಿ ಹಲವರಿಗೆ ಹತ್ತಿರದ ಪೇಟೆಯ ಸಣ್ಣ ಸಾಫ್ಟ್‌ವೇರ್‌ನವರೇ ಗತಿ. ಡೇಟಾಬೇಸು ಎಸ್‌ಕ್ಯುಎಲ್ ಸರ್ವರಿನ ಉಚಿತ ಆವೃತ್ತಿ. ಆ ಆವೃತ್ತಿಯಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಬ್ಯಾಕಪ್ ತೆಗೆಯುವ ಏಜೆಂಟ್ ಇರುವುದಿಲ್ಲ ಎಂಬುದು ಕೊಟ್ಟವರಿಗೆ ಗೊತ್ತು, ಕೊಂಡವರಿಗೆ ಗೊತ್ತಿಲ್ಲ. ಪಾಸ್‌ವರ್ಡು ಸಾಫ್ಟ್‌ವೇರಿನವನ ಹತ್ತಿರ. ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋದರೆ, ಡಿಸ್ಕ್ ಸರಿಯಿದ್ದರೂ ಸಂಘಕ್ಕೆ ತನ್ನ ಲೆಕ್ಕವೇ ತೆರೆಯದು. ಕಾನೂನಿನ ಅಂತರ ನೋಡಿ: ಕಂಪನಿಗಳು ತಮ್ಮ ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನಾ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮ ಬಿಗಿ ಮಾಡಿತು. ಆ ನಿಯಮ ಕಂಪನಿಗಳಿಗೆ ಮಾತ್ರ. 1959ರ ಸಹಕಾರ ಸಂಘಗಳ ಕಾಯ್ದೆಯಡಿ, 1997ರ ಸೌಹಾರ್ದ ಕಾಯ್ದೆಯಡಿ ನಡೆಯುವ ಸಂಘ ಅದರ ಕೆಳಗೆ ಬರುವುದಿಲ್ಲ. ಮುಂಬೈ ಪೇಟೆಯ ಶೇರುದಾರನ ಲೆಕ್ಕಕ್ಕೆ ದಿನಾ ಪ್ರತಿ, ಮೀನು ಮಾರುವವಳ ಪಿಗ್ಮಿಗೆ ಸೆಕ್ರೆಟರಿಯ ನೆನಪು.

ಇಲ್ಲಿ ಸಹಕಾರ ಇಲಾಖೆ ಮಾಡಬಹುದಾದದ್ದು ದೊಡ್ಡ ಖರ್ಚಿನದ್ದಲ್ಲ. ಬ್ಯಾಕಪ್ ಇದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಟಿಕ್ ಹಾಕಿಸಿಕೊಳ್ಳುವುದರಿಂದ ಏನೂ ಗೊತ್ತಾಗುವುದಿಲ್ಲ. ವರ್ಷದ ಆಡಿಟಿಗೆ ಬಂದವರು ಒಂದು ಖಾಲಿ ಲ್ಯಾಪ್‌ಟಾಪ್ ಎದುರಿಟ್ಟು, ‘ನಿಮ್ಮ ಬ್ಯಾಕಪ್ಪಿನಿಂದ ಇದರಲ್ಲಿ ನಿನ್ನೆಯ ಲೆಕ್ಕ ಎಬ್ಬಿಸಿ ತೋರಿಸಿ’ ಎನ್ನಬೇಕು. ಎದ್ದ ಲೆಕ್ಕದ ತಾಳೆಪಟ್ಟಿಯನ್ನು ಕಚೇರಿಯ ತಾಳೆಪಟ್ಟಿಯ ಜೊತೆ ಹೋಲಿಸಬೇಕು. ಅರ್ಧ ದಿನದ ಕೆಲಸ. ಎಷ್ಟು ಹೊತ್ತು ಹಿಡಿಯಿತು, ಪಾಸ್‌ವರ್ಡ್ ಯಾರ ಹತ್ತಿರವಿತ್ತು ಎಂಬುದನ್ನೂ ವರದಿಯಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಸದಸ್ಯವಾರು ಬಾಕಿಯ ಯಾದಿ ಕಾಗದಕ್ಕೆ ಇಳಿದು, ಒಂದು ಪ್ರತಿ ಬೇರೆ ಊರಿನ ಕಟ್ಟಡದಲ್ಲಿರಬೇಕು. ಬೇರೆ ಊರೇ ಯಾಕೆಂದರೆ, 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜಾರಿ ಇದೇ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಒಂದು ಗುಡ್ಡ, ಒಂದು ನೆರೆಗೆ ಸಿಗುವಷ್ಟು ಹತ್ತಿರದಲ್ಲಿ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿ.

ಪ್ರತಿ ಬೇರೆ ಊರಿನಲ್ಲಿ ಉಳಿಯುವುದು ಕರ್ಕಿಗೆ ಹೊಸದೇನಲ್ಲ. ಇಲ್ಲಿಯದೆಂದು ಗುರುತಿಸಲಾದ ಯಕ್ಷಗಾನ ಮೇಳವೊಂದು 1842ರಲ್ಲಿ ಸಾಂಗ್ಲಿಗೆ ಹೋಗಿ ಆಟವಾಡಿತು. ನೋಡಿದ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನ ಇಂಥದ್ದೊಂದು ಮರಾಠಿಯಲ್ಲೂ ಆಗಬೇಕೆಂದರು. ಮರುವರ್ಷ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಕರ್ಕಿಯ ಆ ತಿರುಗಾಟದ ಸುದ್ದಿ ಮುಖ್ಯವಾಗಿ ಉಳಿದದ್ದು ಮರಾಠಿ ನಾಟಕದ ಚರಿತ್ರೆಯಲ್ಲಿ, ಆಟ ನೋಡಿದವರ ಕಡೆಯ ಪುಸ್ತಕದಲ್ಲಿ.

ಕಲ್ಪನೆಯ ಆ ಕಚೇರಿಗೆ ಮರಳುವುದಾದರೆ, ಇಂಥ ಕೆಲಸಕ್ಕೆ ಮೂರು ವಾರವಾದರೂ ಹಿಡಿಯುತ್ತದೆ. ರಾತ್ರಿ ಎಂಟರವರೆಗೆ ಲೈಟು ಉರಿಯುತ್ತದೆ, ಹೊಸ ಯುಪಿಎಸ್ ಬರುತ್ತದೆ. ಸದಸ್ಯರು ಕೊಡೆ ಮಡಚಿ ಬಾಗಿಲಲ್ಲಿಟ್ಟು ಪಾಸ್‌ಬುಕ್ಕು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಠೇವಣಿಯಿದ್ದವರು ಮೊದಲ ದಿನವೇ, ಸಾಲವಿದ್ದವರು ನಿಧಾನಕ್ಕೆ. ಎಲ್ಲ ತಾಳೆಯಾದ ಮೇಲೂ ಒಂದಷ್ಟು ರೂಪಾಯಿ ಯಾರದೆಂದು ತಿಳಿಯದೆ ಉಳಿಯುತ್ತದೆ. ನಗದು ಬಂದದ್ದು ಖರೆ, ಯಾರು ಕೊಟ್ಟರೆಂಬ ವೋಚರ್ ಮಳೆನೀರಿಗೆ ಸಿಕ್ಕಿ ಮುದ್ದೆಯಾಗಿದೆ. ಅದನ್ನು ಅನಾಮತ್ ಖಾತೆಗೆ ಹಾಕುತ್ತಾರೆ. ಪ್ರತಿ ವರ್ಷದ ಅಡಾವೆ ಪತ್ರಿಕೆಯಲ್ಲಿ ಆ ಸಾಲು ಅಷ್ಟೇ ಮೊತ್ತದೊಂದಿಗೆ ಅಚ್ಚಾಗುತ್ತದೆ. ಆಡಿಟರು ಪ್ರತಿ ವರ್ಷ ಅದರ ಮೇಲೆ ಬೆರಳಿಟ್ಟು ಇದೇನು ಎಂದು ಕೇಳುತ್ತಾರೆ. ಯಾರೋ ಮನೆ ಸಾರಿಸುವಾಗ ಹಳೆಯ ಪಂಚಾಂಗದ ಹಾಳೆಗಳ ನಡುವಿನಿಂದ ಒಂದು ರಶೀದಿ ಉದುರಿ, ಅದನ್ನು ಹಿಡಿದು ಬರುವವರೆಗೆ ಆ ಸಾಲು ಹಾಗೇ ಇರುತ್ತದೆ.